ಸೋಮವಾರ ಬಾರದ ತಲೆನೋವು

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿ ನಾನು ನಿವೃತ್ತನಾದ ಮರುವರ್ಷದ ಚಳಿಗಾಲದಲ್ಲಿ ನಡೆದದ್ದು ಇದು. ಆಗ ನನಗೆ ಯಾವ ಹುದ್ದೆಯೂ ಇರಲಿಲ್ಲ. ದಾಂಡೇಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿ, ಇದರ ಬೇರಿಂಗ್ ಹೋಗಿದೆ, ಅದರ ಕ್ಲಚ್ ಜಾರುತ್ತಿದೆ ಎಂದು ಹೆಂಡತಿಗೆ ವರದಿ ಒಪ್ಪಿಸುವುದೇ ನನ್ನ ದಿನದ ಕೆಲಸವಾಗಿತ್ತು. ಅವಳು ಒಂದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಾಡಿ ಕೆಟ್ಟರೆ ಬರುವ ಸಿಟ್ಟಲ್ಲ ಅದು. ಬಾನೆಟ್ ಎತ್ತಿ ನೋಡದೆ ನಿಂತಲ್ಲೇ ಕಾರಣ ಹೇಳುವವರನ್ನು ಕಂಡರೆ ಬರುವ ಸಿಟ್ಟು. ಡಿಪೋದಲ್ಲಿ ಅಂಥವರಿಗೆ ಬರ ಇರಲಿಲ್ಲ. ನಿವೃತ್ತಿಯ ಮೇಲೆ ಆ ಸಿಟ್ಟು ಕೆಲಸವಿಲ್ಲದೆ ಸೊರಗಿತ್ತು.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ನೀಲವ್ವ ಬಸ್ಸಿಳಿದು ಮನೆಗೆ ಬಂದಳು. ನಮ್ಮ ಡಿಪೋದಲ್ಲೇ ಡ್ರೈವರ್ ಆಗಿದ್ದ ಚನ್ನಪ್ಪನ ಹೆಂಡತಿ ಅವಳು. ಊರು ಹಳಿಯಾಳದಿಂದ ಸ್ವಲ್ಪ ಆಚೆ. ಚನ್ನಪ್ಪ ನನ್ನ ಜೀವದ ಗೆಳೆಯ. ನಿವೃತ್ತನಾದ ಮೇಲೆ ಅವನು ಮನೆಯ ಎತ್ತುಗಳನ್ನು ಮಾರಿ, ನಾಲ್ಕು ಸಿಲಿಂಡರಿನ ಹಳೆಯದೊಂದು ಸಣ್ಣ ಲಾರಿ ಕೊಂಡಿದ್ದ. ಅವನು ತೀರಿಕೊಂಡ ಮೇಲೆ ಮಗ ಮಲ್ಲೇಶಿ ಅದನ್ನು ಓಡಿಸುತ್ತಿದ್ದ. ಹಳಿಯಾಳದಲ್ಲಿ ಅಕ್ಕಿ, ಎಣ್ಣೆ ಡಬ್ಬಿ, ಈರುಳ್ಳಿ, ಸೋಪು, ಬಿಸ್ಕಿಟ್ಟು ತುಂಬಿಕೊಂಡು ಗಣೇಶಗುಡಿ, ಜೋಯಿಡಾ ದಾಟಿ ಕುಂಬಾರವಾಡದ ಅಂಗಡಿಗಳವರೆಗೆ ಮುಟ್ಟಿಸಿ ಬರುವುದು ಅವನ ದಿನಚರಿ. ಬಸ್ಸುಗಳೇ ಅಪರೂಪವಾದ ಆ ಕಡೆಯ ಊರುಗಳಲ್ಲಿ ಅವನ ಲಾರಿಯ ದಾರಿ ಕಾಯುವವರು ಬಹಳ ಮಂದಿ ಇದ್ದರು.

ನೀಲವ್ವ ನನ್ನನ್ನು ಅಣ್ಣ ಎಂದೇ ಕರೆಯುವುದು. ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡವಳು ಕುಡಿಯಲಿಲ್ಲ.

“ಅಣ್ಣಾರ, ನಮ್ಮ ಮಲ್ಲೇಶಿ ಕುಡ್ಯಾಕ ಹತ್ಯಾನ್ರಿ,” ಎಂದಳು.

ನನಗೆ ನಂಬಿಕೆಯಾಗಲಿಲ್ಲ. ಚನ್ನಪ್ಪನ ಮನೆಯಲ್ಲಿ ಮೂರು ಹೊತ್ತು ವಿಭೂತಿ, ಲಿಂಗಪೂಜೆ. ಮಲ್ಲೇಶಿ ಸಣ್ಣವನಿದ್ದಾಗ ಡಿಪೋಕ್ಕೆ ಬಂದರೆ ನಮ್ಮ ಕ್ಯಾಂಟೀನಿನ ಚಹಾ ಕುಡಿಯಲೂ ಅಪ್ಪನ ಮುಖ ನೋಡುತ್ತಿದ್ದ ಹುಡುಗ. ಆದರೆ ನೀಲವ್ವನ ಹತ್ತಿರ ಸಾಕ್ಷಿಗಳು ಬಹಳ ಇದ್ದವು. ಸಂಜೆ ಮನೆಗೆ ಬಂದರೆ ಕಣ್ಣು ಕೆಂಪು. ಲಾರಿ ಇಳಿಯುವಾಗ ಕಾಲುಗಳು ತಡವರಿಸುತ್ತವೆ. ತಲೆ ಹಿಡಿದುಕೊಂಡು ಗೋಡೆಗೆ ಒರಗಿ ಕೂರುತ್ತಾನೆ, ಒಮ್ಮೊಮ್ಮೆ ಉಂಡದ್ದನ್ನು ಕಾರಿಕೊಳ್ಳುತ್ತಾನೆ. ಹಿಂದಿನ ತಿಂಗಳು ಗಣೇಶಗುಡಿಯ ಹತ್ತಿರ ತಿರುವಿನಲ್ಲಿ ಲಾರಿಯ ಮುಂದಿನ ಗಾಲಿ ಚರಂಡಿಗೆ ಇಳಿದಿತ್ತು. ದೂಡಿ ಎತ್ತಿಕೊಟ್ಟವರು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಅಂದಿನಿಂದ ನೀಲವ್ವ ಮಗ ಬಂದ ಕೂಡಲೇ ನೀರಿನ ತಂಬಿಗೆ ಹಿಡಿದು ಎದುರು ಹೋಗುತ್ತಿದ್ದಳು. ನೀರು ಕೊಡುವುದು ನೆಪ, ಬಾಯಿ ಮೂಸಿ ನೋಡುವುದು ಕೆಲಸ.

“ವಾಸನಿ ಬಂತೇನು?” ಎಂದು ಕೇಳಿದೆ.

“ಬರೂದಿಲ್ರಿ. ಏನರ ತಿಂದು ಮುಚ್ಚತಾನ. ಆದ್ರ ಸೋಮವಾರ ನೋಡ್ರಿ, ಮುತ್ತಿನಂಗ ಇರ್ತಾನ. ಕಣ್ಣು ಬೆಳ್ಳಗ, ಊಟ ಚಂದಂಗ. ಸೋಮವಾರ ಶಿವನ ದಿನ ಅಂತ ಮುಟ್ಟೂದಿಲ್ಲ. ಇದಕ್ಕಿಂತ ಬ್ಯಾರೆ ಸಾಕ್ಷಿ ಬೇಕೇನ್ರಿ? ನನ್ನ ಮಾತ ಕೇಳೂದಿಲ್ಲ. ಅವರಪ್ಪನ ಜಾಗದಾಗ ನಿಂತು ನೀವ ಬುದ್ಧಿ ಹೇಳ್ರಿ.”

ವಾದ ಬಿಗಿಯಾಗಿತ್ತು. ನಮ್ಮ ಕಡೆ ಕುಡಿಯುವವರಲ್ಲೂ ಸೋಮವಾರ ಬಾಟಲಿ ಮುಟ್ಟದವರು ಇರುವುದು ನಿಜ. ಭಾನುವಾರ ಅವನನ್ನು ನನ್ನ ಹತ್ತಿರ ಕಳಿಸು ಎಂದೆ. ಅವಳು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಹೋದಳು.

ಭಾನುವಾರ ಮಧ್ಯಾಹ್ನ ಮಲ್ಲೇಶಿ ಲಾರಿ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ. ಜೊತೆಗೆ ಹೆಂಡತಿ ಗಿರಿಜಾ ಇಳಿದಳು, ಐದು ತಿಂಗಳ ಬಸುರಿ. ನೀಲವ್ವ ಬಸ್ಸಿನಲ್ಲಿ ಮೊದಲೇ ಬಂದು ಒಳಗೆ ಕುಳಿತಿದ್ದಳು. ಮಗನಿಗೆ ಬೈಯುವುದನ್ನು ಕಣ್ಣಾರೆ ನೋಡಬೇಕಿತ್ತೇನೋ. ನಾನೂ ಬೈಯುವುದಕ್ಕೆ ಬೇಕಾದದ್ದನ್ನೆಲ್ಲ ಒಳಗೇ ಜೋಡಿಸಿಟ್ಟುಕೊಂಡಿದ್ದೆ. ಆದರೆ ಅವನ ಮುಖ ನೋಡಿದಾಗ ಬೈಗುಳ ಬಿಟ್ಟು ಕುರ್ಚಿ ಎಳೆದುಕೊಟ್ಟೆ. ಹುಡುಗ ಬಿಳಿಚಿಕೊಂಡಿದ್ದ. ಕುರ್ಚಿಯ ಮೇಲೆ ಕುಳಿತು ಎರಡೂ ಕೈಯಿಂದ ಹಣೆ ಒತ್ತಿಕೊಂಡ.

“ಲೇ ಮಲ್ಲೇಶಿ, ಖರೇ ಹೇಳು. ಕುಡಿತಿ ಏನು?”

“ಇಲ್ರಿ ಕಾಕಾ. ಅವ್ವನ ಆಣಿ.” ಎಂದು ಮತ್ತೆ ಹಣೆ ಒತ್ತಿಕೊಂಡ. ಎಷ್ಟು ಸಲ ಹೇಳಿದರೂ ನಂಬದ ಮನೆಯಲ್ಲಿ ಮನುಷ್ಯ ಮಾತು ಬಿಡುತ್ತಾನೆ. ಹಾಗೆ ಮಾತು ಬಿಟ್ಟವನಂತೆ ಕಾಣುತ್ತಿದ್ದ.

ಅವನ ಪರವಾಗಿ ಮಾತಾಡಿದವಳು ಗಿರಿಜಾ. “ಕಾಕಾರ, ಗಾಲಿ ಚರಂಡಿಗೆ ಇಳದಾಗಿಂದ ನಾ ದಿನಾ ಇವರ ಜೋಡಿ ಗಾಡ್ಯಾಗ ಹೊಂಟೇನ್ರಿ. ಬಾಜೂಕ ಕುಂತು ಕಾಯಾಕತ್ತೇನಿ. ದಾರ್‍ಯಾಗ ಚಹಾಕ್ಕೂ ಇಳ್ಯಂಗಿಲ್ಲ ಇವರು. ನನ್ನ ಕಣ್ಣ ತಪ್ಪಿಸಿ ಯಾವಾಗ ಕುಡದಾರು? ಸಂಜಿಗೆ ಇವರಿಗೆ ತಲಿ ಸಿಡಿತೈತಿ, ನನಗೂ ಸಿಡಿತೈತಿ.”

“ನಿನಗೂ?” ಎಂದೆ.

“ಅಕಿದು ಬಸರಿನ ತಲಿನೋವ್ರಿ,” ಎಂದಳು ನೀಲವ್ವ. “ವಾಂತಿನೂ ಅದಕ್ಕ.”

ಡಿಪೋದಲ್ಲಿ ಇಡೀ ಆಯುಷ್ಯ ಕಳೆದವನಿಗೆ ಒಂದು ಅಭ್ಯಾಸ ಅಂಟಿರುತ್ತದೆ. ಎರಡು ಬಸ್ಸು ಒಂದೇ ಥರ ಕೆಟ್ಟು ಬಂದರೆ ಎರಡು ಕಾರಣ ಹುಡುಕುವುದಿಲ್ಲ. ಎರಡಕ್ಕೂ ಡೀಸೆಲ್ ತುಂಬಿದ ಪಂಪು ಒಂದೇನಾ ಎಂದು ನೋಡುತ್ತೇವೆ. ಈ ಮನೆಯಲ್ಲಿ ಗಂಡನ ತಲೆನೋವಿಗೆ ಕುಡಿತ ಎಂಬ ಹೆಸರಿಟ್ಟಿದ್ದರು, ಹೆಂಡತಿಯ ತಲೆನೋವಿಗೆ ಬಸಿರು ಎಂಬ ಹೆಸರಿಟ್ಟಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ.

“ಗಿರಿಜಾ, ನಿನಗ ತಲಿನೋವು ಯಾವತ್ತ ಇರೂದಿಲ್ಲ?”

ಅವಳು ಯೋಚಿಸಿ, “ಸೋಮವಾರ ಇರೂದಿಲ್ರಿ,” ಎಂದಳು.

“ಸೋಮವಾರ ಗಾಡಿ ಎಲ್ಲಿರ್ತೈತಿ?”

“ಮನ್ಯಾಗ ನಿಂತಿರ್ತೈತಲ್ರಿ. ಸೋಮವಾರ ನಮ್ಮ ಗಾಡಿ ಹೊರಗ ಹೋಗೂದಿಲ್ಲ.”

ಇದು ಚನ್ನಪ್ಪ ಮಾಡಿಟ್ಟ ಕಟ್ಟಳೆ. ಹಳಿಯಾಳ, ಮುಂಡಗೋಡದ ಕಡೆ ಶಿವಭಕ್ತರ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಶಿವನ ವಾಹನ ಬಸವಣ್ಣನ ದಿನ. ಎತ್ತು ಮಾರಿ ಲಾರಿ ತಂದ ದಿನವೇ ಚನ್ನಪ್ಪ ಹೇಳಿದ್ದನಂತೆ: ಎತ್ತಿನ ದುಡಿಮೆ ಮಾಡುವ ಗಾಡಿಗೆ ಎತ್ತಿನ ರಜೆಯೂ ಸಲ್ಲಬೇಕು ಎಂದು. ಆಗ ನಾವೆಲ್ಲ ಅವನನ್ನು ಗೇಲಿ ಮಾಡಿದ್ದೆವು. ಆ ಭಾನುವಾರ ನಮ್ಮ ಪಡಸಾಲೆಯಲ್ಲಿ ನಿಂತು ನಾನು ಮನಸ್ಸಿನಲ್ಲೇ ಅವನಿಗೆ ಕೈ ಮುಗಿದೆ. ಆ ರಜೆ ಇಲ್ಲದಿದ್ದರೆ ತಲೆನೋವು ವಾರವಿಡೀ ಇರುತ್ತಿತ್ತು, ಯಾರಿಗೂ ಗುಟ್ಟು ಹೊಳೆಯುತ್ತಿರಲಿಲ್ಲ.

ಕಟ್ಟೆ ಇಳಿದು ಲಾರಿಯ ಬಾಗಿಲು ತೆರೆದೆ. ಆ ಕಾಲದ ಸಣ್ಣ ಲಾರಿಗಳಲ್ಲಿ ಎಂಜಿನ್ನಿನ ಹಿಂಭಾಗ ಡ್ರೈವರ್ ಮತ್ತು ಪಕ್ಕದವರ ಸೀಟಿನ ನಡುವೆ, ಕ್ಯಾಬಿನ್ನಿನ ಒಳಗೇ ಬರುತ್ತದೆ. ಅದರ ಮೇಲೊಂದು ಕವರ್, ಕವರಿನ ಸುತ್ತ ಗಾಳಿ ನುಸುಳದಂತೆ ರಬ್ಬರಿನ ಅಂಚು ಇರುತ್ತದೆ. ಇವರ ಲಾರಿಯಲ್ಲಿ ಆ ರಬ್ಬರು ಬಿಸಿಲಿಗೆ ಒಣಗಿದ ಹುಣಸೆ ಸಿಪ್ಪೆಯಂತೆ ಉದುರಿತ್ತು. ಕವರಿನ ಮೇಲೆ ರೊಟ್ಟಿಯ ಬುತ್ತಿ ಇತ್ತು, ಬೆಚ್ಚಗಿರಲಿ ಎಂದು. ಮುಂದೆ ಶಿವನ ಪಟ, ಪಟದ ಮುಂದೆ ಊದುಬತ್ತಿಯ ಬೂದಿ. ಜೋಯಿಡಾದ ಕಾಡಿನ ಚಳಿಗೆ ಎರಡೂ ಕಿಟಕಿಯ ಗಾಜು ಏರಿಸಿಯೇ ಓಡಿಸುತ್ತಿದ್ದರು. ಹೊಗೆಯ ವಾಸನೆ ಅಷ್ಟಿಷ್ಟು ಬಂದರೂ ಊದುಬತ್ತಿಯದೆಂದು ಸುಮ್ಮನಿರುತ್ತಿದ್ದರು.

ಕವರ್ ಎತ್ತಿ ಟಾರ್ಚು ಬಿಟ್ಟೆ. ಕವರಿನ ಒಳಮೈಗೆ, ಕೊನೆಯ ಸಿಲಿಂಡರಿನ ನೇರಕ್ಕೆ, ಬೀಸಣಿಗೆ ಬಿಡಿಸಿಟ್ಟಂತೆ ಕಪ್ಪು ಮಸಿ ಹಿಡಿದಿತ್ತು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರುತ್ತಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸುಳಿವು ಬೇಕಿರಲಿಲ್ಲ. ಮ್ಯಾನಿಫೋಲ್ಡ್ ಎಂದರೆ ಎಲ್ಲ ಸಿಲಿಂಡರುಗಳ ಸುಟ್ಟ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ದಾಟಿಸುವ ಎರಕದ ಕಬ್ಬಿಣದ ಕೊಳವೆ. ಅದು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಸಂದು ಮುಚ್ಚುವ ತೆಳು ಪದರ, ಗ್ಯಾಸ್ಕೆಟ್, ಇರುತ್ತದೆ. ಅಲ್ಲಿ ಸಂದು ಬಿಟ್ಟರೆ ಹೊಗೆ ಹಿಂದೆ ಹೋಗದೆ ಅಲ್ಲೇ ಹೊರಬೀಳುತ್ತದೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದಕ್ಕಿಂತ ಅದು ಕಡಿಮೆ ಎಂಬುದು ನಿಜ. ಆದರೆ ಎಂಜಿನ್ ಹಳೆಯದು, ಏರಿನ ದಾರಿ, ತುಂಬಿದ ಲೋಡು, ಮುಚ್ಚಿದ ಕಿಟಕಿ, ದಿನವಿಡೀ ಅದೇ ಗಾಳಿ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಬಂದು ಕೂರುತ್ತದೆ. ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ, ಮಂಪರು ಕವಿಯುತ್ತದೆ. ನೋಡುವವರ ಕಣ್ಣಿಗೆ ಕುಡಿದವನಂತೆಯೇ ಕಾಣುತ್ತದೆ. ಶುದ್ಧ ಗಾಳಿಯಲ್ಲಿ ಕೆಲವು ತಾಸು ಇದ್ದರೆ ಇಳಿಯುತ್ತದೆ. ಹೊಟ್ಟೆಯಲ್ಲಿರುವ ಕೂಸಿಗೆ ಅದು ತಾಯಿಗಿಂತ ಹೆಚ್ಚು ಅಪಾಯ.

ಈ ಕೊನೆಯ ಮಾತು ನೆನಪಾದಾಗ ಟಾರ್ಚು ಅಲ್ಲೇ ಬಿಟ್ಟು ಕೆಳಗಿಳಿದೆ. ಗಂಡನನ್ನು ಕಾಯಲು ಹೋದವಳು ಅದೇ ಗಾಳಿಯನ್ನು ಇಬ್ಬರ ಪಾಲಿನದು ಕುಡಿದು ಬರುತ್ತಿದ್ದಳು. ನನ್ನ ಹೆಂಡತಿಯನ್ನು ಕರೆದು, ಗಿರಿಜಾಳನ್ನು ಆ ನಿಮಿಷವೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದೆ. ಮಲ್ಲೇಶಿಯನ್ನೂ ಅದೇ ಆಟೋಕ್ಕೆ ಹತ್ತಿಸಿದೆ. ಕರ್ತವ್ಯದಲ್ಲಿದ್ದ ಡಾಕ್ಟರು ಎಲ್ಲ ಕೇಳಿಸಿಕೊಂಡು, ಇಬ್ಬರಿಗೂ ಆಮ್ಲಜನಕ ಕೊಟ್ಟು, ಕೂಸಿನ ಎದೆಬಡಿತ ಪರೀಕ್ಷಿಸಿದರಂತೆ. “ಸದ್ಯಕ್ಕೆ ಎಲ್ಲ ಸರಿಯಾಗಿದೆ. ಮುಂದೆ ನೋಡುತ್ತಾ ಹೋಗೋಣ. ಆದರೆ ಆ ಗಾಡಿಯನ್ನು ಇನ್ನು ನೀವು ಹತ್ತಬೇಡಿ,” ಎಂದು ಗಿರಿಜಾಳಿಗೆ ಹೇಳಿ ಕಳಿಸಿದರು. ಸದ್ಯಕ್ಕೆ ಎಂಬ ಒಂದು ಮಾತನ್ನು ಹಿಡಿದುಕೊಂಡು ನೀಲವ್ವ ಸಂಜೆಯವರೆಗೆ ನಮ್ಮ ದೇವರ ಕೋಣೆಯ ಮುಂದೆ ಕುಳಿತಿದ್ದಳು.

ನನಗೆ ಅರ್ಥವಾಗದ್ದು ಒಂದೇ. ಎಂಜಿನ್ ಸರಿಯಾಗಿ ಎಳೆಯುತ್ತಿಲ್ಲ ಎಂದು ಮಲ್ಲೇಶಿ ಎರಡು ಸಲ ಗ್ಯಾರೇಜಿಗೆ ತೋರಿಸಿದ್ದನಂತೆ. ಅವರಿಗೇಕೆ ಗೊತ್ತಾಗಲಿಲ್ಲ? ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟಾಗ ಉತ್ತರ ಸಿಕ್ಕಿತು. ಸದ್ದೇ ಇರಲಿಲ್ಲ. ಹಳಿಯಾಳದಿಂದ ಓಡಿ ಬಂದ ಎಂಜಿನ್ ಕಾದಿತ್ತು. ಕಬ್ಬಿಣ ಕಾದರೆ ಹಿಗ್ಗುತ್ತದೆ, ಸಂದು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ. ಸೋರಿಕೆಯ ಟಿಕ್ ಟಿಕ್ ಸದ್ದು ತಣ್ಣಗಿರುವಾಗಲೇ ಕೇಳಬೇಕು. ಗ್ಯಾರೇಜಿಗೆ ಲಾರಿ ಯಾವತ್ತೂ ಓಡಿಕೊಂಡೇ ಹೋಗುವುದರಿಂದ ಅವರು ತಣ್ಣಗಿನ ಎಂಜಿನ್ ಕೇಳಿರಲಿಕ್ಕಿಲ್ಲ. ಈ ಕೆಲಸ ಗಾಡಿ ರಾತ್ರಿ ನಿಂತು ತಣ್ಣಗಾಗುವ ಅವರ ಮನೆಯಲ್ಲೇ ಆಗಬೇಕಿತ್ತು. ದಾಂಡೇಲಿಯಲ್ಲಿ ಬಿಟ್ಟರೆ ಸೋಮವಾರ ಗಾಡಿ ಓಡಿಸಿ ಊರು ಮುಟ್ಟಿಸುವುದು ಆ ಮನೆಗೆ ಒಪ್ಪದ ಮಾತು. ಮಂಗಳವಾರ ಬೆಳಗಾದರೆ ಕುಂಬಾರವಾಡದ ಲೋಡು. ಉಳಿದದ್ದು ಸೋಮವಾರ ಒಂದೇ.

ಭಾನುವಾರವಾದ್ದರಿಂದ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಅಂಗಡಿಯವನ ಮನೆಗೇ ಹೋಗಿ, ಊಟಕ್ಕೆ ಕುಳಿತವನನ್ನು ಎಬ್ಬಿಸಿ, ಗ್ಯಾಸ್ಕೆಟ್, ಸ್ಟಡ್ಡುಗಳು, ಹಿತ್ತಾಳೆಯ ನಟ್ಟು, ರಬ್ಬರಿನ ಅಂಚು ತೆಗೆಸಿಕೊಂಡೆ. ಅವನು ಗೊಣಗಿದ. ನಾನೂ ಗೊಣಗಿದೆ. ಮಲ್ಲೇಶಿ ಎರಡೂ ಗಾಜು ಪೂರ್ತಿ ಇಳಿಸಿ, ಎಂಜಿನ್ ಕವರಿನ ಸುತ್ತ ಒದ್ದೆ ಗೋಣಿಚೀಲ ಬಿಗಿದು, ಒಬ್ಬನೇ ನಿಧಾನವಾಗಿ ಊರಿಗೆ ಓಡಿಸಿಕೊಂಡು ಹೋದ. ಅತ್ತೆ ಸೊಸೆ ಬಸ್ಸು ಹತ್ತಿದರು.

ಮರುದಿನ ಮೊದಲ ಬಸ್ಸಿಗೆ ನಾನು ಟೂಲ್ ಬಾಕ್ಸ್ ಹೊತ್ತುಕೊಂಡು ಅವರ ಮನೆ ಮುಟ್ಟಿದೆ. ಎತ್ತುಗಳಿದ್ದ ಕಾಲದ ದನದ ಕೊಟ್ಟಿಗೆಯಲ್ಲೇ ಲಾರಿ ನಿಂತಿತ್ತು. ಎಂಜಿನ್ ತಣ್ಣಗೆ ಕೊರೆಯುತ್ತಿತ್ತು. ಪೆಟ್ಟಿಗೆ ಬಿಚ್ಚಿದ್ದೇ ತಡ, ನೀಲವ್ವ ವಿಭೂತಿ ಹಚ್ಚಿದ ಹಣೆ ಹೊತ್ತು ಬಾಗಿಲಲ್ಲಿ ನಿಂತಳು.

“ಅಣ್ಣಾರ, ಇವತ್ತ ಗಾಡಿಗೆ ಪಾನಾ ಹಚ್ಚಬ್ಯಾಡ್ರಿ. ಸೋಮವಾರ ಐತಿ.” ಪಾನಾ ಎಂದರೆ ನಮ್ಮ ಕಡೆ ಸ್ಪ್ಯಾನರು.

ನನಗೆ ಪಿತ್ತ ನೆತ್ತಿಗೇರಿತು. “ನೀಲವ್ವ, ನಿನ್ನ ಮಗ ಸಾಯೂದು ತಪ್ಪಿಸಾಕ ಬಂದೇನಿ ನಾ!”

“ಗೊತ್ತೈತ್ರಿ. ಆದ್ರ ಅವರು ಇದ್ದಾಗಿಂದ ಸೋಮವಾರ ಗಾಡಿಗೆ ಯಾರೂ ಕೈ ಹಚ್ಚಿಲ್ಲ. ಇಂಥಾ ಹೊತ್ತಿನ್ಯಾಗ ನೇಮ ಮುರದು ಕೂಸಿಗೆ ಏನರ ಆದ್ರ ನಾ ಏನ್ ಮಾಡ್ಲಿ? ಮಂಗಳವಾರ ಮಾಡ್ರಿ. ಲೋಡು ಒಂದಿನ ತಡಾ ಆಗ್ಲಿ.”

ಮಂಗಳವಾರವೂ ಎಂಜಿನ್ ತಣ್ಣಗೇ ಇರುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಕುಂಬಾರವಾಡದ ಅಂಗಡಿಯವರಿಂದ ಆಗಲೇ ಫೋನು ಬಂದಿತ್ತು, ಅಕ್ಕಿ ಮುಗಿದಿದೆ ಎಂದು. ಕೆಲಸ ಮಂಗಳವಾರಕ್ಕೆ ದೂಡಿದರೆ ಮಲ್ಲೇಶಿ ಮಾತು ಉಳಿಸಿಕೊಳ್ಳಲು ಹಾಗೆಯೇ ಓಡಿಸಿಕೊಂಡು ಹೋಗುವ ಜಾತಿಯವನು. ಅವರಪ್ಪನೂ ಹಾಗೇ ಇದ್ದ. ನಾನು ಇನ್ನೇನೋ ಬಿರುಸಾಗಿ ಹೇಳುವವನಿದ್ದೆ. ಅಷ್ಟರಲ್ಲಿ ಒಳಗಿನಿಂದ ಗಿರಿಜಾ ಬಂದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

“ಅತ್ತಿ, ನಮ್ಮ ಎತ್ತಿಗೆ ಸೋಮವಾರ ಜಡ್ಡಾದ್ರ ಏನ್ ಮಾಡ್ತಿದ್ರಿ? ನಾಳೆ ಬಾ ಅಂತಿದ್ರೇನು ಔಷಧ ಹಾಕಾಂವಗ?”

ನೀಲವ್ವ ಸೊಸೆಯ ಮುಖ ನೋಡಿದಳು, ಲಾರಿಯನ್ನು ನೋಡಿದಳು. “ಜಡ್ಡಿಗೆ ವಾರ ಇಲ್ಲವಾ,” ಎಂದು ತನಗೆ ತಾನೇ ಹೇಳಿಕೊಂಡಳು. ಒಳಗೆ ಹೋಗಿ ವಿಭೂತಿಯ ಗಟ್ಟಿ ತಂದು, ಲಾರಿಯ ಮೂತಿಗೆ ಮೂರು ಬೆರಳಿನ ಗೆರೆ ಎಳೆದಳು. ಉರಿಯುವ ಊದುಬತ್ತಿ ಬೆಳಗಿದಳು. ಆಮೇಲೆ ನನ್ನ ಕಡೆ ತಿರುಗಿ, “ದುಡಿಸೂದಲ್ಲ, ಔಷಧ ಹಾಕೂದು. ಹಚ್ಚ್ರಿ ನಿಮ್ಮ ಪಾನಾ,” ಎಂದಳು.

“ಊದಿನಕಡ್ಡಿ ಆರಸಬ್ಯಾಡ, ಇಲ್ಲಿ ಕೊಡು,” ಎಂದೆ. ಮಲ್ಲೇಶಿಗೆ ಎಂಜಿನ್ ಚಾಲೂ ಮಾಡಲು ಹೇಳಿದೆ. ತಣ್ಣಗಿನ ಎಂಜಿನ್ ಎದ್ದ ಕೂಡಲೇ ಟಿಕ್ ಟಿಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿತು, ಒಲೆಯಲ್ಲಿ ಹಸಿ ಕಟ್ಟಿಗೆ ಸಿಡಿದಂತೆ. ಊದುಬತ್ತಿಯನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ ಹಿಡಿಯುತ್ತಾ ಹೋದೆ. ಮೊದಲ ಮೂರು ಸಿಲಿಂಡರಿನ ಹತ್ತಿರ ಹೊಗೆಯ ಎಳೆ ನೆಟ್ಟಗೆ ಮೇಲೆದ್ದಿತು. ನಾಲ್ಕನೆಯದರ ಹತ್ತಿರ ಬಂದಾಗ ಚದುರಿ ಚೂರಾಯಿತು. ನೀಲವ್ವ ಬಾಗಿ ಅದನ್ನೇ ನೋಡುತ್ತಿದ್ದಳು. ಎಂಜಿನ್ ಆರಿಸಿದೆ.

ಮೊದಲು ಬ್ಯಾಟರಿಯ ವೈರು ಕಳಚಿದೆ. ನಂತರ ಸೈಲೆನ್ಸರ್ ಪೈಪು ಬಿಚ್ಚಲು ಲಾರಿಯ ಕೆಳಗೆ ನುಸುಳಿದಾಗ ರೋಗದ ಬೇರೇ ಕಣ್ಣಿಗೆ ಬಿತ್ತು. ಪೈಪನ್ನು ಚಾಸಿಸ್ಸಿಗೆ ಹಿಡಿದಿಡುವ ಬ್ರಾಕೆಟ್ ಮುರಿದು, ಅದರ ಜಾಗದಲ್ಲಿ ತಂತಿ ಸುತ್ತಿತ್ತು. ತಂತಿ ಸಡಿಲಾಗಿ ಇಡೀ ಪೈಪಿನ ಭಾರ ಮ್ಯಾನಿಫೋಲ್ಡಿಗೆ ಜೋತುಬಿದ್ದಿತ್ತು. ಏರುಇಳಿವಿನ ದಾರಿಯಲ್ಲಿ ಅದು ಜಗ್ಗಿ ಜಗ್ಗಿ ಕೊನೆಯ ಸ್ಟಡ್ಡನ್ನೇ ಮುರಿದಿತ್ತು. ಸ್ಟಡ್ ಎಂದರೆ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ನಟ್ಟಿಗೆ ಕೂಡುವ ತಲೆಯಿಲ್ಲದ ಬೋಲ್ಟು.

“ಈ ತಂತಿ ಯಾರಪಾ ಕಟ್ಟಿದ ಶಾಣ್ಯಾ?” ಎಂದು ಕೆಳಗಿನಿಂದಲೇ ಕೂಗಿದೆ.

ಲಾರಿಯ ಪಕ್ಕದಲ್ಲಿ ಕಾಣುತ್ತಿದ್ದ ಎರಡು ಕಾಲು ಹಿಂದೆ ಸರಿದವು. ಆಮೇಲೆ, “ನಾನ ರೀ ಕಾಕಾ,” ಎಂದಿತು ಮಲ್ಲೇಶಿಯ ದನಿ. ಅಂದು ನನ್ನ ಬೈಗುಳದ ಮೊದಲ ಕಂತು ಅವನಿಗೆ ಸಿಕ್ಕಿತು, ಬೇರೆಯೇ ಕಾರಣಕ್ಕೆ.

ಉಳಿದ ನಟ್ಟುಗಳು ಎಣ್ಣೆ ಕುಡಿದು ಒಂದೊಂದಾಗಿ ಬಂದವು. ಮ್ಯಾನಿಫೋಲ್ಡ್ ಎಳೆದು ತೆಗೆದೆ. ಮುರಿದ ಸ್ಟಡ್ಡಿನ ತುಂಡು ಬೆರಳಿನ ಒಂದು ಗೆಣ್ಣಿನಷ್ಟು ಮಾತ್ರ ಹೊರಗಿತ್ತು. ಇಡೀ ಕೆಲಸದ ಹಣೆಬರಹ ಅಲ್ಲಿತ್ತು. ಆ ತುಂಡು ಹೊರಬಂದರೆ ಸಂಜೆಯೊಳಗೆ ಗಾಡಿ ಸಿದ್ಧ. ಒಳಗೇ ಮುರಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ಹುಬ್ಬಳ್ಳಿಗೆ ಒಯ್ಯಬೇಕು, ವಾರಗಟ್ಟಲೆ ಗಾಡಿ ಕೊಟ್ಟಿಗೆಯಲ್ಲಿ. ಕಚ್ಚುವ ಇಕ್ಕಳ ಹಾಕಿ ತಿರುವಿದೆ. ಜಾರಿತು. ಮತ್ತೆ ಹಾಕಿದೆ. ಮತ್ತೆ ಜಾರಿತು, ನನ್ನ ಗೆಣ್ಣು ಕಬ್ಬಿಣಕ್ಕೆ ಬಡಿದು ತರಚಿತು. ಇಂಥ ಹೊತ್ತಿನಲ್ಲಿ ಜೋರು ಮಾಡಿದವನು ಕೆಟ್ಟ. ಇಕ್ಕಳ ಕೆಳಗಿಟ್ಟು ಚಹಾ ಕೇಳಿದೆ.

ಚಹಾ ಕುಡಿದು, ಡೀಸೆಲ್ ಪೈಪಿಗೆ ಒದ್ದೆ ಗೋಣಿ ಹೊದಿಸಿ, ಸಣ್ಣ ಗ್ಯಾಸ್ ಟಾರ್ಚಿನಿಂದ ಆ ತುಂಡಿನ ಸುತ್ತ ಕಾಯಿಸಿದೆ. ಚೆನ್ನಾಗಿ ಕಾದ ಮೇಲೆ ಗಿರಿಜಾ ಕೊಟ್ಟ ಮೇಣದಬತ್ತಿಯನ್ನು ಅದರ ಬುಡಕ್ಕೆ ಒತ್ತಿ ಹಿಡಿದೆ. ಕರಗಿದ ಮೇಣ ಕಾದ ಕಬ್ಬಿಣದ ತಿರುಪಿನ ಎಳೆಗಳ ಸಂದಿಗೆ ತಾನೇ ಇಳಿದುಹೋಗುತ್ತದೆ, ಎಣ್ಣೆ ಹೋಗದ ಕಡೆಗೂ. ಕಾಯಿಸುವುದು, ಮೇಣ ಕುಡಿಸುವುದು, ಆರಲು ಬಿಡುವುದು. ಇದನ್ನೇ ಹಲವು ಸಲ ಮಾಡಿದೆ. ಕೊನೆಗೆ ಇಕ್ಕಳ ಬಿಗಿದು, ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುವಿದೆ. ಕಟ್ ಎಂದಿತು.

ಮಲ್ಲೇಶಿ ಎದೆ ಒಡೆದವನಂತೆ, “ಮುರೀತೇನ್ರಿ ಕಾಕಾ?” ಎಂದ.

ನಾನು ಈಗ ಬಿಚ್ಚುವ ಕಡೆಗೆ ತಿರುವಿದೆ. ತುಂಡು ಇಕ್ಕಳದ ಜೊತೆ ತಿರುಗಿತು. ಮತ್ತೂ ತಿರುಗಿತು. ಪೂರ್ತಿ ಹೊರಬಂದು ನನ್ನ ಅಂಗೈಗೆ ಬಿತ್ತು. ಡಿಪೋದಲ್ಲಿ ಇಡೀ ಎಂಜಿನ್ ಕಟ್ಟಿ ನಿಲ್ಲಿಸಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಬಿಸಿ ಇದ್ದ ಆ ತುಂಡನ್ನು ಅಂಗೈ ಸುಡುವವರೆಗೂ ಬಿಡಲಿಲ್ಲ.

ಆಮೇಲಿನದು ಸಲೀಸು. ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ನೋಡಿದೆ. ಕೊನೆಯಲ್ಲಿ ತುಸು ಬಾಗಿತ್ತು. ಅಂಗಳದಲ್ಲಿ ಅವರ ಬಟ್ಟೆ ಒಗೆಯುವ ಕಡಪಾ ಕಲ್ಲು ಕನ್ನಡಿಯಂತೆ ಸಮತಟ್ಟಾಗಿತ್ತು. ಅದರ ಮೇಲೆ ಕಬ್ಬಿಣ ಉಜ್ಜುವ ಎಮರಿ ಹಾಳೆ ಹಾಸಿ, ನಾನೂ ಮಲ್ಲೇಶಿಯೂ ಎದುರುಬದುರು ಕುಳಿತು ಮ್ಯಾನಿಫೋಲ್ಡನ್ನು ಬೀಸುವ ಕಲ್ಲಿನಂತೆ ಆಡಿಸಿ ಉಜ್ಜಿದೆವು. ಮುಖವೆಲ್ಲ ಒಂದೇ ಸಮ ಹೊಳೆಯುವವರೆಗೆ ಬಿಡಲಿಲ್ಲ. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ ಕೂರಿಸಿ, ನಟ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ ಬಿಗಿಯುತ್ತಾ ಹೋದೆ. ಮೊದಲ ಸುತ್ತು ಸಡಿಲ, ಎರಡನೆಯ ಸುತ್ತು ಬಿಗಿ. ತುದಿಯಿಂದ ಬಿಗಿದರೆ ನಡುವೆ ಉಬ್ಬಿ ಮತ್ತೆ ಸಂದು ಬಿಡುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಊರಿನ ವೆಲ್ಡರನಿಂದ ಹೊಸ ಬ್ರಾಕೆಟ್ ಮಾಡಿಸಿ ತಂದು ಪೈಪನ್ನು ಅದರ ಜಾಗದಲ್ಲಿ ನಿಲ್ಲಿಸಿದೆವು. ಎಂಜಿನ್ ಕವರಿನ ಸುತ್ತ ಹೊಸ ರಬ್ಬರು ಬಂತು. ಎಂಜಿನ್ ಒಮ್ಮೆ ಕಾಯಿಸಿ, ಪೂರ್ತಿ ಆರಲು ಬಿಟ್ಟು, ನಟ್ಟುಗಳನ್ನು ಇನ್ನೊಮ್ಮೆ ಬಿಗಿದೆ.

ಇಳಿಹೊತ್ತಿಗೆ ನೀಲವ್ವ ಹೇಳದೆಯೇ ಇನ್ನೊಂದು ಊದುಬತ್ತಿ ಹಚ್ಚಿ ತಂದಳು. ಈ ಸಲ ಅವಳೇ ಹಿಡಿದಳು. ಎಂಜಿನ್ ಚಾಲೂ ಆಯಿತು, ಟಿಕ್ ಟಿಕ್ ಇರಲಿಲ್ಲ. ಅವಳು ಒಂದನೆಯ ಸಿಲಿಂಡರಿನಿಂದ ನಾಲ್ಕನೆಯದರವರೆಗೆ ನಿಧಾನವಾಗಿ, ಆರತಿ ಬೆಳಗಿದಂತೆ ಒಯ್ದಳು. ಹೊಗೆಯ ಎಳೆ ಎಲ್ಲಿಯೂ ಮುರಿಯಲಿಲ್ಲ. ಮೇಲೆ ಮಾಡಿನ ಹಂಚಿನವರೆಗೆ ನೆಟ್ಟಗೆ ಹೋಯಿತು.

“ಹಂಗಾರ ಇಂವ ಕುಡೀಲೇ ಇಲ್ಲೇನ್ರಿ ಅಣ್ಣಾರ?”

“ಕುಡದಾನ. ಗಾಡಿ ಹೊಗಿ ಕುಡದಾನ. ನಿನ್ನ ಸೊಸಿನೂ ಕುಡದಾಳ.”

ಮಲ್ಲೇಶಿ ಮೈಯೆಲ್ಲ ಮಸಿ ಮಾಡಿಕೊಂಡು ಲಾರಿಯ ಪಕ್ಕ ನಿಂತಿದ್ದ. ನೀಲವ್ವ ಅವನ ಹತ್ತಿರ ಹೋಗಿ ಸೀರೆಯ ಸೆರಗಿನಿಂದ ಅವನ ಮುಖ ಒರೆಸತೊಡಗಿದಳು. ಅದು ಪೂಜೆಗೆ ಉಟ್ಟ ಮಡಿ ಸೀರೆ.

“ಯವ್ವಾ, ಮಸಿ ಹತ್ತತೈತಿ.”

“ಹತ್ತಲಿ ಬಿಡೋ ಯಪ್ಪಾ. ನಾ ನಿನಗ ಹಚ್ಚಿದ್ದು ಇದಕ್ಕಿಂತ ಕರಿ ಇತ್ತು,” ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಹುಡುಗ ಆಗ ಅತ್ತ. ನಾನು ಟೂಲ್ ಬಾಕ್ಸಿನಲ್ಲಿ ಏನನ್ನೋ ಹುಡುಕುವವನಂತೆ ಬಾಗಿಕೊಂಡೆ.

ಮಂಗಳವಾರ ಮಲ್ಲೇಶಿಯ ಜೊತೆ ಕುಂಬಾರವಾಡದವರೆಗೆ ನಾನೂ ಹೋದೆ. ಮಾಡಿದ ಕೆಲಸದ ಮೇಲೆ ಕುಳಿತು ನೋಡದ ಮೆಕ್ಯಾನಿಕ್‌ನನ್ನು ನಾನು ಮೆಕ್ಯಾನಿಕ್ ಎನ್ನುವುದಿಲ್ಲ. ಹೋಗುವಾಗ ಗಾಜು ಇಳಿಸಿ, ಬರುವಾಗ ಏರಿಸಿ ನೋಡಿದೆವು. ಸಂಜೆ ಇಳಿದಾಗ ಇಬ್ಬರಿಗೂ ತಲೆ ಹಗುರವಾಗಿತ್ತು, ಹೊಟ್ಟೆ ಮಾತ್ರ ಹಸಿದಿತ್ತು. ಆದರೂ ಪೂರ್ತಿ ಸಮಾಧಾನ ಆಗಲಿಲ್ಲ. ಒಂದು ದಿನದ ಓಟವನ್ನು ನಾನು ನಂಬುವವನಲ್ಲ. ಕಾಯುತ್ತಾ ಕುಳಿತೆ. ಶನಿವಾರ ಸಂಜೆ ಮಲ್ಲೇಶಿಯ ಫೋನು ಬಂತು.

“ಕಾಕಾ, ಈ ವಾರ ಪೂರಾ ಸೋಮವಾರ ಇದ್ದಂಗ ಆತ್ರಿ. ಇನ್ನೊಂದು ಮಾತು. ಅವ್ವ ನೀರ ಕೊಟ್ಳು, ಬಾಯಿ ಮೂಸ್ಲಿಲ್ಲ.”

ಹಳೆಯ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಒಂದು ನಿಮಿಷ ಸುಮ್ಮನೆ ನಿಂತು ಕೇಳಿ. ಕ್ಯಾಬಿನ್ನಿನ ರಬ್ಬರು ಉದುರಿದ್ದರೆ ಅಂದೇ ಬದಲಿಸಿ. ಗಾಡಿಯಲ್ಲಿ ಹೋದವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಗುಳಿಗೆ ನುಂಗುವ ಮೊದಲು ಗಾಡಿಯಿಂದ ಇಳಿಯಿರಿ. ಇವು ಗಾಡಿಯ ಮಾತಾಯಿತು. ನನ್ನ ಕೆಲಸ ನನಗೆ ಕಲಿಸಿದ ಪಾಠ ಬೇರೆ. ಕೆಟ್ಟದ್ದರ ಮುಂದೆ ನಿಂತಾಗ ಎಲ್ಲರೂ ಯಾವಾಗ ಕೆಡುತ್ತದೆ ಎಂದು ಕೇಳುತ್ತಾರೆ. ಯಾವಾಗ ಕೆಡುವುದಿಲ್ಲ ಎಂದೂ ಕೇಳಬೇಕು. ಒಂದೇ ಸೋಮವಾರವನ್ನು ಹಿಡಿದುಕೊಂಡು ತಾಯಿ ಮಗನನ್ನು ಕುಡುಕ ಎಂದಳು, ಅದೇ ಸೋಮವಾರದಿಂದ ನಾವು ಗಾಡಿಯ ರೋಗ ಹಿಡಿದೆವು. ಸಾಕ್ಷಿ ಒಂದೇ ಇತ್ತು. ಯಾರೂ ಬಾನೆಟ್ ಎತ್ತಿರಲಿಲ್ಲ, ಅಷ್ಟೇ.

ಡಾಕ್ಟರು ಹೇಳಿದ ಸದ್ಯಕ್ಕೆ ಎಂಬ ಮಾತು ಮಾತ್ರ ಮುಳ್ಳಿನಂತೆ ನನ್ನೊಳಗೆ ಉಳಿದಿತ್ತು. ಪ್ರತಿ ತಿಂಗಳ ತಪಾಸಣೆಯಾದ ಮೇಲೆ ಗಿರಿಜಾ ಫೋನು ಮಾಡಿ ಚಲೋ ಐತ್ರಿ ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ, ಕಟ್ಟೆಯ ಮೇಲೆ ಕುಳಿತಿದ್ದಾಗ, ನೀಲವ್ವನ ಫೋನು ಬಂತು. ಆಸ್ಪತ್ರೆಯಿಂದ.

“ಅಣ್ಣಾರ, ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಆರಾಮ್ ಅದಾರ. ಡಾಕ್ಟರು ಎಲ್ಲಾ ನೋಡ್ಯಾರ. ಆದ್ರೂ ನೀವೊಮ್ಮಿ ಕೇಳಿ ಬಿಡ್ರಿ,” ಎಂದು ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು.

ರಸ್ತೆಯಲ್ಲಿ ಬಸ್ಸೊಂದು ಹೋಗುತ್ತಿತ್ತು. ಅದರ ಗೇರ್ ಬಾಕ್ಸ್ ಅರಚುತ್ತಿತ್ತು, ನಾನು ಆ ಕಡೆ ಗಮನ ಕೊಡಲಿಲ್ಲ. ಎದ್ದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ತಣ್ಣಗಿನ ಎಂಜಿನ್ ಕೇಳುವಾಗ ಹೇಗೆ ಕಣ್ಣು ಮುಚ್ಚುತ್ತೇನೋ ಹಾಗೆ ಕಣ್ಣು ಮುಚ್ಚಿ ಕೇಳಿದೆ. ಕೂಸು ಎದೆ ತುಂಬಿ ಅಳುತ್ತಿತ್ತು. ಎಲ್ಲಿಯೂ ಒಂದಿಷ್ಟೂ ಗಾಳಿ ಸೋರುತ್ತಿರಲಿಲ್ಲ.